ಹಿರಿಯರ ಸಭೆಗೆ ಮುಲ್ತಾನಿ

ಅಕ್ಟೋಬರ್ 1 ಸಮೀಪಿಸಿದಂತೆ ಈ ಅಂಕಣದ ವಿಳಾಸಕ್ಕೆ ಒಂದೇ ಬಗೆಯ ಪತ್ರಗಳು ಬರತೊಡಗುವುದು ರೂಢಿಯಾಗಿಬಿಟ್ಟಿದೆ. ವಿಶ್ವಸಂಸ್ಥೆಯು 1990ರಲ್ಲಿ ಆ ದಿನವನ್ನು ವೃದ್ಧರಿಗಾಗಿ ಗೊತ್ತುಪಡಿಸಿದ ತರುವಾಯ ನಮ್ಮ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳಲ್ಲಿಯೂ ಹಿರಿಯ ನಾಗರಿಕರ ಸಮಾವೇಶಗಳು ನೆರವೇರುತ್ತಿದ್ದು, ಸತ್ಕಾರ, ಭಾಷಣ, ಆರೋಗ್ಯ ತಪಾಸಣೆಗಳ ನಡುವೆ ಸಂಗೀತಕ್ಕೂ ಒಂದು ಗಂಟೆಯನ್ನು ತೆಗೆದಿರಿಸುವ ಪದ್ಧತಿ ಬಿದ್ದಿರುವುದರಿಂದ, ಆ ಒಂದು ಗಂಟೆಯಲ್ಲಿ ಏನನ್ನು ಹಾಡಬೇಕೆಂದು ತರುಣ ಗಾಯಕರು ಕೇಳುತ್ತಾರೆ. ಕಿರಾಣಾ ಪರಂಪರೆಯವರ ಷಡ್ಜಸಾಧನೆಯ ವಿಚಾರವನ್ನು ಈ ವಾರ ಮುಂದುವರಿಸುವೆನೆಂದು ಹೇಳಿದ್ದೆನಾದರೂ, ಸಮಾವೇಶದ ದಿನವು ಕಾಯುವಂಥದಲ್ಲ. ಷಡ್ಜವು ಮುಂದಿನ ವಾರದವರೆಗೆ ಕಾಯಬಲ್ಲದು.

ಈ ಪತ್ರಗಳಲ್ಲಿ ಬಹುಪಾಲು ಪ್ರಶ್ನೆಯ ಜೊತೆಗೆ ಉತ್ತರವನ್ನೂ ಹೊತ್ತು ತರುತ್ತವೆ. ಶ್ರೋತೃಗಳು ವಯೋವೃದ್ಧರಾದ ಕಾರಣ, ಲಘುವಾದದ್ದು, ಭಕ್ತಿಪರವಾದದ್ದು, ದೇಹದ ನಶ್ವರತೆಯನ್ನು ಬೋಧಿಸುವಂಥದು ಉಚಿತವಲ್ಲವೆ, ಎಂದು. ಅಲ್ಲವೆಂಬುದೇ ನನ್ನ ಉತ್ತರ. ಕಾಯವು ಅನಿತ್ಯವೆಂಬುದನ್ನು ಎಪ್ಪತ್ತೈದರ ರೈತನು ತನ್ನ ಮೊಣಕಾಲುಗಳಿಂದ, ಮಂಜಾದ ಕಣ್ಣುಗಳಿಂದ, ತನ್ನ ಓರಗೆಯವರು ಒಬ್ಬೊಬ್ಬರಾಗಿ ಕಟ್ಟೆಯನ್ನು ಬಿಟ್ಟು ಹೋದ ಬಗೆಯಿಂದ ಅರಿತಿರುವನು; ಆತನು ಒಳ್ಳೆಯ ಅಂಗಿಯನ್ನು ತೊಟ್ಟು, ರುಮಾಲನ್ನು ಸುತ್ತಿ ಸಭೆಗೆ ಬಂದಿರುವುದು ಅದನ್ನೇ ಮತ್ತೊಮ್ಮೆ ಕೇಳಿಸಿಕೊಳ್ಳುವುದಕ್ಕಲ್ಲ. ಮುಪ್ಪು ಬಂದ ಮಾತ್ರಕ್ಕೆ ಶೃಂಗಾರ, ವೀರ, ಹಾಸ್ಯಗಳು ಮನುಷ್ಯನಿಂದ ತೊಲಗಿಹೋಗುವವೆಂದೂ ಶಾಂತ ಕರುಣಗಳೆರಡೇ ಉಳಿಯುವವೆಂದೂ ಯಾವ ಲಾಕ್ಷಣಿಕನೂ ಹೇಳಿದ್ದನ್ನು ನಾನು ಕಂಡಿಲ್ಲ. ಇನ್ನು ನವಲಗುಂದದ ಹಿರಿಯರ ಮಾತು ಬೇರೆ. 1980ರ ಜುಲೈ 21ರ ರೈತ ಬಂಡಾಯವನ್ನು ತಮ್ಮ ಯೌವನದಲ್ಲಿ ಕಣ್ಣಾರೆ ಕಂಡವರ ಮುಂದೆ ಕುಳಿತು ಸಮಾಧಾನದ ಹಾಡುಗಳನ್ನಷ್ಟೇ ಹಾಡುವುದು ಅವರ ಬಾಳಿಗೆ ಮಾಡುವ ಅವಮಾನವೆಂದೇ ನಾನು ತಿಳಿದಿದ್ದೇನೆ.

ಎರಡನೆಯ ಮಾತು, ‘ಹಳೆಯ ಹಾಡು’ ಎಂಬ ಕಲ್ಪನೆಯನ್ನು ಕುರಿತದ್ದು. ಮನುಷ್ಯನು ಹದಿನೈದರಿಂದ ಇಪ್ಪತ್ತೈದರವರೆಗಿನ ವಯಸ್ಸಿನಲ್ಲಿ ಕೇಳಿದ ಸಂಗೀತವು ಆತನಲ್ಲಿ ಕೊನೆಯವರೆಗೆ ನೆಲೆಗೊಳ್ಳುವುದೆಂಬುದು ಅನುಭವಸಿದ್ಧವಾದುದು. ಸ್ಮೃತಿಯನ್ನು ಅಭ್ಯಸಿಸುವ ವಿಜ್ಞಾನಿಗಳೂ ಇದನ್ನೇ ಹೇಳುತ್ತಾರೆ. ಆದರೆ ನಮ್ಮ ಆಯೋಜಕರು ಲೆಕ್ಕವನ್ನು ಹೊಸದಾಗಿ ಮಾಡಿಕೊಳ್ಳುವುದಿಲ್ಲ. ಇಂದು ಎಪ್ಪತ್ತಾದವರ ಯೌವನವು ನಾಟಕ ಕಂಪನಿಗಳ ಪೂರ್ವಾರ್ಧದ್ದಲ್ಲ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯು ಮನೆಮಾತಾಗಿದ್ದ ಕಾಲದ್ದು. ಮಲ್ಲಿಕಾರ್ಜುನ ಮನಸೂರರ ವಚನಗಾಯನವನ್ನು ಚಹಾದ ಅಂಗಡಿಯ ರೇಡಿಯೋದಲ್ಲಿ ನಿಂತು ಕೇಳಿದವರು ಇವರು. ಭೀಮಸೇನ ಜೋಶಿಯವರು ಕಂಠ ನೀಡಿದ 1966ರ ‘ಸಂಧ್ಯಾರಾಗ’ವನ್ನೂ, 1972ರ ‘ಬಂಗಾರದ ಮನುಷ್ಯ’ವನ್ನೂ ಚಕ್ಕಡಿ ಕಟ್ಟಿಕೊಂಡು ಹೋಗಿ ನೋಡಿದವರು. ತೊಂಬತ್ತನ್ನು ಸಮೀಪಿಸಿದವರು ಮಾತ್ರ ಏಣಗಿ ಬಾಳಪ್ಪನವರ ರಂಗಗೀತೆಗಳಿಗೂ ಸಣ್ಣಾಟ ದೊಡ್ಡಾಟಗಳ ಮಟ್ಟುಗಳಿಗೂ ಹೆಚ್ಚು ಹತ್ತಿರದವರು. ಒಂದೇ ಜಮಖಾನೆಯ ಮೇಲೆ ಈ ಎರಡು ತಲೆಮಾರುಗಳು ಕುಳಿತಿರುವವೆಂಬುದನ್ನು ಅರಿಯದ ಗಾಯಕನು ಎರಡನ್ನೂ ಕಳೆದುಕೊಳ್ಳುತ್ತಾನೆ.

ಇಲ್ಲಿ ಒಂದು ಹಳೆಯ ಬಾಕಿಯನ್ನು ತೀರಿಸಿಬಿಡುವೆನು. ಶಿಶುನಾಳ ಶರೀಫರ (1819–1889) ಪದಗಳು ನಮ್ಮ ಸೀಮೆಯ ಪಿತ್ರಾರ್ಜಿತ ಆಸ್ತಿ. ಅವರ ಗುರು ಗೋವಿಂದ ಭಟ್ಟರು ಕುಂದಗೋಳ ತಾಲೂಕಿನ ಕಳಸದವರು. ಅಮಾವಾಸ್ಯೆಯ ರಾತ್ರಿ ಏಕತಾರಿ, ದಮ್ಮಡಿ, ತಾಳಗಳೊಂದಿಗೆ ಮಠದ ಪಡಸಾಲೆಯಲ್ಲಿ ಈ ಪದಗಳನ್ನು ಹಾಡುವ ಭಜನಿ ಮ್ಯಾಳಗಳಲ್ಲಿ, ಒಬ್ಬನು ನುಡಿಯನ್ನು ಎತ್ತಿಕೊಟ್ಟರೆ ಉಳಿದವರು ಹಿಡಿದು ತಿರುವುವ ಪದ್ಧತಿಯಿದ್ದು, ಆ ತಿರುವಿನಲ್ಲಿಯೇ ಪದದ ಪ್ರಾಣವಿರುವುದು. ಸಿ. ಅಶ್ವತ್ಥರು ಈ ಪದಗಳನ್ನು ಕನ್ನಡನಾಡಿನ ತುಂಬ ಹಬ್ಬಿಸಿದರು. ಅವರ ಕಂಠದ ಕಸುವಿಗೆ ನನ್ನ ನಮಸ್ಕಾರವಿದೆ. ಆದರೆ ಅವರ ಹಿಂದೆ ಬಂದ ಅನುಯಾಯಿಗಳು ಮುದ್ರಿತವಾದ ‘ಟ್ರ್ಯಾಕ್’ ಒಂದನ್ನು ಹಚ್ಚಿ, ಕೀಬೋರ್ಡಿನ ಮೊಳಗಿನ ಮೇಲೆ ಶರೀಫರನ್ನು ಹಾಡುವ ಸಂಪ್ರದಾಯವನ್ನು ತಂದಿದ್ದಾರೆ. ಅದನ್ನು ನಾನು ಹಿಂದೆಯೂ ಒಪ್ಪಿರಲಿಲ್ಲ, ಈಗಲೂ ಒಪ್ಪಲಾರೆನು. ಆ ಟ್ರ್ಯಾಕು ಯಾರಿಗಾಗಿಯೂ ನಿಲ್ಲುವುದಿಲ್ಲ. ಆಯುಷ್ಯದುದ್ದಕ್ಕೂ ಆ ಪದವನ್ನು ತನ್ನೂರ ಮಠದಲ್ಲಿ ತನ್ನದೇ ಲಯದಲ್ಲಿ ಹಾಡಿಕೊಂಡು ಬಂದ ಅಜ್ಜನು, ನುಡಿಯನ್ನು ಹಿಡಿಯಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ನುಡಿ ಬಂದುಬಿಟ್ಟಿರುತ್ತದೆ. ಹಿರಿಯರ ಸಭೆಯಲ್ಲಿ ಶರೀಫರನ್ನು ಹಾಡುವವರು ಏಕತಾರಿಯನ್ನು ಹಿಡಿದು ಬರಲಿ, ಎದುರಿನವರಿಗೆ ತಿರುವನ್ನು ಬಿಟ್ಟುಕೊಡಲಿ.

ಇನ್ನು ಕಿವಿಯ ವಿಚಾರ. ವಯಸ್ಸಾದಂತೆ ಶ್ರವಣಶಕ್ತಿಯು ಎಲ್ಲ ಸ್ಥಾಯಿಗಳಲ್ಲಿಯೂ ಸಮನಾಗಿ ಕುಗ್ಗುವುದಿಲ್ಲ. ತಾರಸ್ಥಾಯಿಯ ತೀಕ್ಷ್ಣವಾದ ನಾದಗಳು ಮೊದಲು ಮಾಸುತ್ತವೆ, ಮಂದ್ರ ಮಧ್ಯಗಳು ಬಹುಕಾಲ ಉಳಿಯುತ್ತವೆ. ಸಕಾರ, ಶಕಾರ, ತಕಾರ, ಪಕಾರಾದಿ ವ್ಯಂಜನಗಳ ಅಂಚು ಕರಗಿಹೋಗಿ ಸ್ವರಾಕ್ಷರಗಳು ಮಾತ್ರ ತುಂಬಾಗಿ ಕೇಳಿಬರುತ್ತವೆ. ಇದಕ್ಕೆ ಪರಿಹಾರವೆಂದು ಧ್ವನಿವರ್ಧಕವನ್ನು ಏರಿಸುವುದು ಕ್ರೌರ್ಯ. ಏಕೆಂದರೆ ಮೆಲ್ಲಗಿನದು ಕೇಳದಂತಾದ ಕಿವಿಗೆ ಗಟ್ಟಿಯಾದದ್ದನ್ನು ಸಹಿಸುವ ಶಕ್ತಿಯು ಹೆಚ್ಚಾಗಿರುವುದಿಲ್ಲ, ನಡುವಣ ಹರವು ಮಾತ್ರ ಕಿರಿದಾಗಿರುವುದು. ತಗಡಿನ ಛಾವಣಿಯ ಸಮುದಾಯಭವನದಲ್ಲಿ ನಾಲ್ಕು ಪೆಟ್ಟಿಗೆಗಳಿಂದ ಮೊಳಗುವ ದ್ರುತಗತಿಯ ಗೀತೆಯಲ್ಲಿ ಹಿರಿಯನ ಕಿವಿಗೆ ತಲುಪುವುದು ಸದ್ದೇ ಹೊರತು ಸಾಹಿತ್ಯವಲ್ಲ. ಇದರಿಂದ ಫಲಿಸುವ ತತ್ತ್ವವನ್ನು ಸುಗಮ ಸಂಗೀತದ ಮಿತ್ರರು ಗಮನಿಸಬೇಕು: ‘ಮುದುಕರಿಗೆ ಭಾರವಾದೀತು’ ಎಂದು ಅವರು ದೂರವಿಡುವ ವಿಲಂಬಿತ ಖ್ಯಾಲಿನ ಆಕಾರಯುಕ್ತವಾದ ಆಲಾಪವೇ, ಸ್ವರಾಕ್ಷರದ ಮೇಲೆ ನಿಂತು ಮಂದ್ರ ಮಧ್ಯಗಳಲ್ಲಿ ಸಾವಕಾಶವಾಗಿ ಸಂಚರಿಸುವ ಆ ಗಾಯನವೇ, ಹಿರಿಯ ಕಿವಿಗೆ ಎಲ್ಲಕ್ಕಿಂತ ಸುಲಭವಾಗಿ ದಕ್ಕುವಂಥದು. ಗಂಟಲಿನ ಚಿಕಿತ್ಸೆಯ ತರುವಾಯ ಗಂಗೂಬಾಯಿ ಹಾನಗಲ್ಲರ ಕಂಠವು ಪುರುಷಕಂಠದಂತೆ ಗಂಭೀರವಾಯಿತೆಂಬುದು ಎಲ್ಲರೂ ಬಲ್ಲ ಸಂಗತಿ. ಆ ಕಂಠದ ಧ್ವನಿಮುದ್ರಿಕೆಯನ್ನು ಕಿವಿ ಮಂದವಾದ ಹಿರಿಯರ ಮುಂದೆ ಹಚ್ಚಿ ನೋಡಿರಿ, ತಂಬೂರಿಯ ಷಡ್ಜದಿಂದ ಹಿಡಿದು ಎಲ್ಲವೂ ಅವರಿಗೆ ಕೇಳಿಸುತ್ತದೆ.

ವೇಳೆಯ ಮಾತನ್ನು ಈ ಅಂಕಣದ ವಾಚಕರು ನನ್ನಿಂದ ಅನೇಕ ಸಲ ಕೇಳಿರುವರು. ಆದರೂ ಮತ್ತೆ ಹೇಳುವೆನು. ನಮ್ಮ ಪಟ್ಟಣಗಳ ಕಛೇರಿಗಳೆಲ್ಲವೂ ಸಂಜೆ ಏಳರ ಮೇಲೆ ಆರಂಭವಾಗತೊಡಗಿದಂದಿನಿಂದ ಅಪರಾಹ್ಣದ ರಾಗಗಳು ಅನಾಥವಾಗಿವೆ. ಭೀಮಪಲಾಸಿಯನ್ನು, ಪಟದೀಪವನ್ನು, ವಿಶೇಷವಾಗಿ ಮುಲ್ತಾನಿಯನ್ನು ಅವುಗಳ ಹೊತ್ತಿನಲ್ಲಿ ಕೇಳಿದ ತರುಣರು ವಿರಳ. ಹಿರಿಯರ ಸಭೆಗಳಾದರೋ, ಕತ್ತಲಾಗುವುದರೊಳಗೆ ಊರು ಸೇರಬೇಕಾದ ಕಾರಣದಿಂದ, ಮಧ್ಯಾಹ್ನ ಮೂರೂವರೆ ನಾಲ್ಕಕ್ಕೇ ಕೂಡುತ್ತವೆ. ಬಿಸಿಲು ಇಳಿಯುವ ಆ ಹೊತ್ತಿನಲ್ಲಿ ಕೋಮಲ ರಿಷಭ ಗಾಂಧಾರ ಧೈವತಗಳಿಂದಲೂ ತೀವ್ರ ಮಧ್ಯಮದಿಂದಲೂ ಕೂಡಿದ ಮುಲ್ತಾನಿಯು, ಆರೋಹದಲ್ಲಿ ರಿಷಭ ಧೈವತಗಳನ್ನು ಬಿಟ್ಟು ನಿಷಾದ ಷಡ್ಜಗಳಿಂದ ನೇರವಾಗಿ ಗಾಂಧಾರಕ್ಕೆ ಸಾಗುವಾಗ, ಎರೆಭೂಮಿಯ ಬಯಲಿನಲ್ಲಿ ದುಡಿದು ಬಂದವರಿಗೆ ಅದರ ಭಾವವನ್ನು ಯಾರೂ ವಿವರಿಸಬೇಕಾದದ್ದಿಲ್ಲ. ಆ ಹೊತ್ತಿನ ದಣಿವನ್ನೂ ನೆರಳನ್ನೂ ಅವರು ಬಲ್ಲರು. ಆ ವೇಳೆಗೆ ಬಂದು ಯಮನ್ ಹಾಡಿ ಭೈರವಿಯಿಂದ ಮುಗಿಸಿ ಎದ್ದುಹೋಗುವವರು, ದೊರೆತ ಅವಕಾಶವನ್ನು ಕಾಲಕಸ ಮಾಡುವವರು.

ಆ ಶ್ರೋತೃಗಳಿಗೆ ಇದೆಲ್ಲ ತಿಳಿಯುವುದೇ ಎಂದು ಕೇಳುವವರಿಗಾಗಿ ಒಂದು ಸಂಗತಿಯನ್ನು ಹೇಳುತ್ತೇನೆ. ನವಲಗುಂದ ತಾಲೂಕಿನ ಒಂದು ಮಠದಲ್ಲಿ ತರುಣ ಗಾಯಕನೊಬ್ಬನು ಝಪತಾಲದ ಬಂದಿಶನ್ನು ಹಾಡುತ್ತಿದ್ದನು. ಮುಂದಿನ ಸಾಲಿನಲ್ಲಿ, ಊರುಗೋಲನ್ನು ತೊಡೆಯ ಮೇಲೆ ಅಡ್ಡವಾಗಿರಿಸಿಕೊಂಡು ಕಣ್ಣು ಮುಚ್ಚಿ ಕುಳಿತಿದ್ದ ಹಿರಿಯರೊಬ್ಬರು ನಿದ್ರಿಸುತ್ತಿರುವರೆಂದೇ ಎಲ್ಲರೂ ಭಾವಿಸಿದ್ದರು. ಆದರೆ ಅವರ ಬಲಗೈಯ ಹೆಬ್ಬೆರಳು ಬೆರಳುಗಳ ಗೆಣ್ಣುಗಳ ಮೇಲೆ ಎರಡು, ಮೂರು, ಎರಡು, ಮೂರು ಎಂದು ಹತ್ತು ಮಾತ್ರೆಗಳನ್ನು ಬಿಡದೆ ಎಣಿಸುತ್ತಿದ್ದಿತು. ಗಾಯಕನ ತಿಹಾಯಿಯು ಸಮಕ್ಕಿಂತ ಒಂದು ಮಾತ್ರೆ ಮೊದಲೇ ಬಂದು ಬಿದ್ದಾಗ ಹೆಬ್ಬೆರಳು ನಿಂತಿತು, ಕಣ್ಣು ತೆರೆಯಿತು. ಮುಂದಿನ ಆವರ್ತನದಲ್ಲಿ ಅದೇ ತಿಹಾಯಿ ಸರಿಯಾಗಿ ಸಮಕ್ಕೆ ಬಂದಾಗ ಅವರು ಒಮ್ಮೆ ತಲೆದೂಗಿ ಪುನಃ ಕಣ್ಣು ಮುಚ್ಚಿದರು. ಅವರು ಪ್ರಾಯದಲ್ಲಿ ದೊಡ್ಡಾಟದ ಮ್ಯಾಳದಲ್ಲಿ ತಾಳ ಹಿಡಿದವರೆಂದು ಆಮೇಲೆ ತಿಳಿಯಿತು.

ಇಂಥವರು ಈ ಸೀಮೆಯಲ್ಲಿ ಆಕಸ್ಮಿಕವಾಗಿ ಹುಟ್ಟಿದವರಲ್ಲ. ಕುಂದಗೋಳದ ನಾಡಗೇರ ವಾಡೆಯು ಅಬ್ದುಲ್ ಕರೀಮ್ ಖಾನರಿಗೆ ಆತಿಥ್ಯವಿತ್ತಿತು, ಅವರ ಶಿಷ್ಯರಾಗಿ ಕುಂದಗೋಳದ ರಾಮಭಾವು ‘ಸವಾಯಿ ಗಂಧರ್ವ’ರಾದರು, ಅವರ ಬಳಿ ಕಲಿಯಲೆಂದು ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದರು, ಭೀಮಸೇನರು ಅಲ್ಲಿಯೇ ಉಳಿದು ಸೇವೆ ಮಾಡುತ್ತ ಕಲಿತರು. ಸವಾಯಿ ಗಂಧರ್ವರ ಪುಣ್ಯತಿಥಿಯ ಅಹೋರಾತ್ರಿ ಸಂಗೀತವನ್ನು ಆ ವಾಡೆಯಲ್ಲಿ ಕೇಳಿ ಬೆಳಗಿನ ರಾಗದೊಂದಿಗೆ ಹೊಲಕ್ಕೆ ಹೋದವರೇ ಇಂದು ನಮ್ಮ ಸಮಾವೇಶಗಳ ಕುರ್ಚಿಗಳಲ್ಲಿ ಕುಳಿತಿರುವ ಹಿರಿಯರು. ಅದೇ ತಾಲೂಕಿನ ಯಲಿವಾಳದಲ್ಲಿ ಹುಟ್ಟಿದ ಬಸವರಾಜ ರಾಜಗುರುಗಳು ಖ್ಯಾಲು, ಠುಮ್ರಿ, ನಾಟ್ಯಗೀತ, ವಚನ, ದಾಸರ ಪದಗಳೆಲ್ಲವನ್ನೂ ಸಮಾನವಾದ ಗೌರವದಿಂದ ಹಾಡಿ, ಯಾವ ಸಭೆಯನ್ನೂ ಕೀಳೆಂದು ಎಣಿಸದಿದ್ದುದು ಹಾಡುಗಳ ಆಯ್ಕೆಗೆ ನಮ್ಮ ಕಣ್ಣೆದುರಿನ ಪಾಠ.

ಹಿರಿಯರ ಮುಂದೆ ಹಾಡಿದ ಕಛೇರಿಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದೆಂದು ತೋರುವುದು 1946ರದು. ಪಾರ್ಶ್ವವಾಯುವಿನಿಂದ ಹಾಡುಗಾರಿಕೆಯು ನಿಂತುಹೋಗಿದ್ದ ಸವಾಯಿ ಗಂಧರ್ವರ ಅರವತ್ತರ ಸಮಾರಂಭದಲ್ಲಿ, ಇನ್ನೂ ಇಪ್ಪತ್ತನಾಲ್ಕು ತುಂಬುತ್ತಿದ್ದ ಭೀಮಸೇನರು ಹಾಡಿ ಸಭೆಯ ಮೆಚ್ಚುಗೆಯನ್ನೂ ಗುರುವಿನ ಮೆಚ್ಚುಗೆಯನ್ನೂ ಪಡೆದರು. ರೋಗಿಯೂ ವೃದ್ಧನೂ ಆದ ಗುರುವಿಗೆ ಶಿಷ್ಯನು ಅರ್ಪಿಸಿದ್ದು ತಾನು ಕಲಿತ ವಿದ್ಯೆಯನ್ನು, ಅದರ ಪೂರ್ಣ ತೂಕದೊಂದಿಗೆ.

ಶಾರ್ಙ್ಗದೇವನನ್ನು ನೆನೆಯದೆ ನನ್ನ ಯಾವ ಅಂಕಣವೂ ಮುಗಿಯದೆಂದು ವಾಚಕರು ಬಲ್ಲರು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ಸಿಂಘಣನ ಆಶ್ರಯದಲ್ಲಿದ್ದ ಆ ಮಹನೀಯನು, ಈ ಧಾರವಾಡ ಸೀಮೆಯೂ ಅದೇ ದೊರೆಯ ಆಳ್ವಿಕೆಗೆ ಒಳಪಟ್ಟಿದ್ದ ಕಾಲದಲ್ಲಿ, ‘ಸಂಗೀತರತ್ನಾಕರ’ದ ಪ್ರಕೀರ್ಣಕಾಧ್ಯಾಯದಲ್ಲಿ ವಾಗ್ಗೇಯಕಾರನ ಗುಣಗಳನ್ನು ಪರಿಗಣಿಸುತ್ತಾನೆ. ವ್ಯಾಕರಣ, ಛಂದಸ್ಸು, ಅಲಂಕಾರಗಳ ಜ್ಞಾನದಿಂದ ತೊಡಗಿ, ರಸಭಾವಗಳ ಪರಿಜ್ಞಾನ, ದೇಶದೇಶಗಳ ರೀತಿನೀತಿಗಳಲ್ಲಿ ಚಾತುರ್ಯ, ನಾನಾ ಭಾಷೆಗಳ ಅರಿವು, ಲಯ ತಾಳ ಕಲೆಗಳಲ್ಲಿ ಪ್ರಾವೀಣ್ಯ, ಹೃದ್ಯವಾದ ಶಾರೀರ, ದೇಶೀ ರಾಗಗಳ ತಿಳಿವಳಿಕೆ, ಸಭೆಯಲ್ಲಿ ವಾಕ್ಪಟುತ್ವ, ರೋಷದ್ವೇಷಗಳ ತ್ಯಾಗ, ಆರ್ದ್ರವಾದ ಹೃದಯ, ಉಚಿತವನ್ನು ಅರಿಯುವ ಬುದ್ಧಿ, ಮೂರು ಸ್ಥಾಯಿಗಳ ಗಮಕಗಳಲ್ಲಿ ಪ್ರೌಢಿಮೆ, ಆಲಪ್ತಿಯ ನೈಪುಣ್ಯ, ಏಕಾಗ್ರತೆ ಎಂದು ಸಾಗುವ ಆ ಪಟ್ಟಿಯ ನಡುವೆ ಆತನು ಪರಚಿತ್ತಪರಿಜ್ಞಾನವನ್ನು, ಎಂದರೆ ಎದುರಿನವರ ಚಿತ್ತವನ್ನು ಅರಿಯುವ ಶಕ್ತಿಯನ್ನು, ಇರಿಸುತ್ತಾನೆ. ಗಮನಿಸಬೇಕಾದದ್ದು ಇದು: ಪರಚಿತ್ತವನ್ನು ಅರಿಯುವುದೂ ಪ್ರಬಂಧಗಳಲ್ಲಿ ಪ್ರಗಲ್ಭನಾಗಿರುವುದೂ ಆತನ ಎಣಿಕೆಯಲ್ಲಿ ಅಕ್ಕಪಕ್ಕದಲ್ಲಿಯೇ ಬರುತ್ತವೆ. ಶ್ರೋತೃವನ್ನು ಅರಿಯುವುದೆಂದರೆ ವಿದ್ಯೆಯನ್ನು ಇಳಿಸುವುದೆಂಬ ಈಗಿನ ಭ್ರಮೆಗೆ ಆತನಲ್ಲಿ ಎಡೆಯಿಲ್ಲ.

ಹೆಣ್ಣುಮಕ್ಕಳ ಮಾತನ್ನು ಇಲ್ಲಿಯವರೆಗೆ ನಾನು ಎತ್ತಲಿಲ್ಲ. ನಮ್ಮ ಆಯೋಜಕರಂತೂ ಎತ್ತುವುದೇ ಇಲ್ಲ. ಸಭೆಯ ಅರ್ಧದಷ್ಟು ಆಸನಗಳಲ್ಲಿ ಅಜ್ಜಿಯರೇ ಇರುವರು. ನಾಡಗೇರ ವಾಡೆಯ ಬೈಠಕ್ಕಾಗಲಿ, ರಾತ್ರಿಯ ಆಟವಾಗಲಿ ಇವರಲ್ಲಿ ಅನೇಕರಿಗೆ ದೊರೆಯಲಿಲ್ಲ. ಇವರ ಸಂಗೀತವು ಬೀಸುವ ಕಲ್ಲಿನ ಮುಂದೆ, ಸೋಬಾನೆಯಲ್ಲಿ, ಕಲಘಟಗಿಯ ಬಣ್ಣದ ತೊಟ್ಟಿಲಲ್ಲಿ ಕೂಸನ್ನಿಟ್ಟು ಹೆಸರಿಡುವ ದಿನದಲ್ಲಿ ನಡೆಯಿತು. ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂದು ಸಂಗ್ರಹಿಸಿದ ಆ ಸಂಪತ್ತನ್ನು ಇವರು ಪುಸ್ತಕವಿಲ್ಲದೆ ಹೊತ್ತು ತಂದಿದ್ದಾರೆ. ಇವರಿಗಾಗಿ ಹಾಡುವುದಕ್ಕಿಂತ ಇವರಿಂದ ಹಾಡಿಸುವುದು ಯೋಗ್ಯ. ಒಂದು ಗಂಟೆಯಲ್ಲಿ ಹದಿನೈದು ನಿಮಿಷವನ್ನು ಅವರಿಗೆ ಬಿಟ್ಟುಕೊಡಿರಿ. ಧ್ವನಿವಾಹಕವನ್ನು ಅವರ ಸಾಲಿಗೇ ಒಯ್ಯಿರಿ, ವೇದಿಕೆಯ ಮೆಟ್ಟಿಲನ್ನು ಅವರಿಂದ ಹತ್ತಿಸಬೇಡಿರಿ.

ಸಮಾವೇಶಗಳನ್ನು ನಡೆಸುವ ಮಹನೀಯರಲ್ಲಿ ನನ್ನ ಬಿನ್ನಹವಿಷ್ಟೆ. ಸಂಗೀತವನ್ನು ಭಾಷಣಗಳ ಕೊನೆಗೆ ನೂಕದೆ ಮೊದಲಿಗೆ ಇರಿಸಿರಿ, ಹಿರಿಯರು ದಣಿದಿರದ ಹೊತ್ತಿನಲ್ಲಿ. ಮುಂಜಾವಿನ ಸಭೆಯಾದರೆ ತೋಡಿಯನ್ನೋ ಜೌನಪುರಿಯನ್ನೋ ಹಾಡಿಸಿರಿ. ನಾಲ್ಕರ ಸಭೆಯಾದರೆ ಮುಲ್ತಾನಿಯನ್ನು ಹಾಡಬಲ್ಲವರನ್ನು ಹುಡುಕಿ ಕರೆಯಿರಿ. ಧ್ವನಿವರ್ಧಕದ ಪೆಟ್ಟಿಗೆಗಳು ಎರಡೇ ಸಾಕು, ಕಿವಿಯ ಮಟ್ಟದಲ್ಲಿ. ಗಾಯಕನನ್ನು ಹಿಂದಿನ ದಿನವೇ ಊರಿಗೆ ಕರೆಸಿ, ಅಗಸಿಯ ಕಟ್ಟೆಯ ಮೇಲೆ ಅರ್ಧ ತಾಸು ಕೂಡಿಸಿ, ‘ನಿಮ್ಮ ಕಾಲದಾಗ ಏನೇನು ಕೇಳಿದ್ರಿ, ಯಜಮಾನ್ರ?’ ಎಂದು ಅವನಿಂದಲೇ ಕೇಳಿಸಿರಿ. ಅಲ್ಲಿ ದೊರೆತ ಪಟ್ಟಿಯನ್ನೇ ಮರುದಿನ ಹಾಡಲು ಹೇಳಿರಿ.