ಎಳೆಯರ ಕೈಯಲ್ಲಿ ಐತಿಹಾಸಿಕ ಕಾದಂಬರಿ

ಮಕ್ಕಳಿಗೆ ಇತಿಹಾಸವನ್ನು ಕಥೆಯಾಗಿ ಹೇಳುವುದು ಸುಲಭದ ಕೆಲಸವೆಂದು ಭಾವಿಸುವವರುಂಟು. ವಾಸ್ತವವಾಗಿ ಅದು ಪ್ರೌಢರಿಗೆ ಹೇಳುವುದಕ್ಕಿಂತ ಕಠಿಣವಾದುದು. ಪ್ರೌಢನು ಓದಿದ್ದನ್ನು ಶಂಕಿಸಬಲ್ಲ, ಬೇರೆ ಗ್ರಂಥದೊಡನೆ ಹೋಲಿಸಬಲ್ಲ. ಎಳೆಯನು ಓದಿದ್ದನ್ನು ನಂಬುತ್ತಾನೆ. ಹತ್ತು ಹನ್ನೆರಡರ ವಯಸ್ಸಿನಲ್ಲಿ ನಂಬಿದ್ದು ಆಯುಷ್ಯಪರ್ಯಂತ ಉಳಿಯುತ್ತದೆ. ಆದುದರಿಂದ ಎಳೆಯರ ಕೈ ಸೇರುವ ಐತಿಹಾಸಿಕ ಕಾದಂಬರಿಯನ್ನು ರಂಜನೆಯ ದೃಷ್ಟಿಯೊಂದರಿಂದಲೇ ತೂಗುವುದು ಸಾಲದು.

ಹಳೇಬೀಡಿನ ಸಮೀಪದ ಹುಲಿಕೆರೆಯಲ್ಲಿ ಹನ್ನೆರಡನೆಯ ಶತಮಾನದ ಮೆಟ್ಟಿಲುಗೊಳವೊಂದಿದೆ. ನಾಲ್ಕೂ ಕಡೆಯಿಂದ ಇಳಿದುಬರುವ ಕಲ್ಲಿನ ಸೋಪಾನಗಳು, ಅವುಗಳ ನಡುವೆ ಕಿರುಗುಡಿಗಳು. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದುವು. ಅವುಗಳನ್ನು ನೋಡಲು ಬರುವವರಲ್ಲಿ ಈ ಕೊಳದವರೆಗೆ ನಡೆದು ಬರುವವರು ಕಡಮೆ. ಬಂದ ಮಗುವೊಂದು ಮೆಟ್ಟಿಲಿಳಿಯುತ್ತ ಕೇಳುವ ಮೊದಲ ಪ್ರಶ್ನೆ, “ಇದನ್ನು ಕಟ್ಟಿದವರು ಯಾರು?” ಎಂಬುದು. ಉತ್ತರವಾಗಿ ದೊರೆಯ ಹೆಸರೊಂದನ್ನು ಹೇಳಿದರೆ ಎರಡನೆಯ ಪ್ರಶ್ನೆ ಹುಟ್ಟುತ್ತದೆ: “ದೊರೆಯೇ ಕಲ್ಲು ಹೊತ್ತನೇ?” ಐತಿಹಾಸಿಕ ಕಾದಂಬರಿಯ ಪರೀಕ್ಷೆ ಈ ಎರಡನೆಯ ಪ್ರಶ್ನೆಯಲ್ಲಿದೆ.

ಹೊಯ್ಸಳ ನಾಡಿನ ಎಳೆಯ ಓದುಗರಿಗೆ ಹಿರಿಯರು ಸಾಮಾನ್ಯವಾಗಿ ಸೂಚಿಸುವ ಕೃತಿ ಸಿ. ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’. ನಾಲ್ಕು ಸಂಪುಟಗಳ ಈ ಬೃಹತ್ಕೃತಿಗೆ 1983ರಲ್ಲಿ ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಪ್ರಶಸ್ತಿ ಸಂದಿತು. ಇದು ಮಕ್ಕಳಿಗೆಂದೇ ರಚಿತವಾದುದಲ್ಲ. ಆದರೆ ಮೊದಲ ಸಂಪುಟ ಬಳಿಪುರದ ಹೆಗ್ಗಡೆಯ ಮಗಳೊಬ್ಬಳ ಬಾಲ್ಯದ ಕಥೆಯಾದುದರಿಂದ ಅದು ಬಾಲಕ ಬಾಲಕಿಯರನ್ನು ತಾನಾಗಿ ಸೆಳೆಯುತ್ತದೆ. ಗುರು ಬೋಕಿಮಯ್ಯನ ಪಾಠ, ನಾಟ್ಯಾಭ್ಯಾಸ, ಚಾಲುಕ್ಯರ ಪಿರಿಯರಸಿ ಚಂದಲದೇವಿ ಹೆಗ್ಗಡೆಯ ಮನೆಯಲ್ಲಿ ವೇಷ ಮರೆಸಿಕೊಂಡಿರುವ ಪ್ರಸಂಗ, ಇವುಗಳಲ್ಲಿ ಕುತೂಹಲವೂ ವಿದ್ಯೆಯ ಮೇಲಣ ಗೌರವವೂ ಒಂದಾಗಿವೆ. ಪ್ರಶ್ನೆ ಕೇಳುವ ಹೆಣ್ಣುಮಗುವನ್ನು ಗದರಿಸದೆ ಉತ್ತರ ಕೊಡುವ ಗುರುವನ್ನು ಚಿತ್ರಿಸಿರುವುದು ಈ ಭಾಗದ ದೊಡ್ಡ ಗುಣ.

ಇನ್ನೊಂದು ಗುಣ ಇದಕ್ಕಿಂತ ಮಿಗಿಲಾದುದು. ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ. ಇದು ಕವಿಕಲ್ಪನೆಯಲ್ಲ, ಶ್ರವಣಬೆಳಗೊಳದ ಶಾಸನಗಳಿಂದ ತಿಳಿದುಬರುವ ಸಂಗತಿ. ಒಂದೇ ಮನೆಯಲ್ಲಿ ಎರಡು ನಿಷ್ಠೆಗಳು ಪರಸ್ಪರ ಗೌರವದಿಂದ ಬಾಳಿದುದನ್ನು ಮಗು ಉಪದೇಶವಾಗಿ ಕೇಳುವುದಿಲ್ಲ, ಮನೆಮಾತಾಗಿ ಕಾಣುತ್ತದೆ. ಶಾಂತಲೆಯ ಅಂತ್ಯದ ವಿಷಯದಲ್ಲಿಯೂ ಕಾದಂಬರಿಕಾರರು ಎಚ್ಚರ ತಪ್ಪಿಲ್ಲ. ಆಕೆ 1131ರಲ್ಲಿ ಶಿವಗಂಗೆಯಲ್ಲಿ ದೇಹ ಬಿಟ್ಟುದನ್ನು ಶಾಸನ ಹೇಳುತ್ತದೆ, ಆತ್ಮಹತ್ಯೆಯೆಂದು ಹೇಳುವುದಿಲ್ಲ. ಕೆ. ವಿ. ಅಯ್ಯರರ ‘ಶಾಂತಲಾ’ ಆ ಕರುಣ ಕಲ್ಪನೆಯನ್ನು ಮನೆಮನೆಗೂ ಮುಟ್ಟಿಸಿತ್ತು. ನಾಗರಾಜರಾಯರು ಅದನ್ನು ಒಪ್ಪದೆ ಶಾಸನಗಳ ಕಡೆಗೆ ತಿರುಗಿದರು. ಕಥೆಗಾರನ ಸ್ವಾತಂತ್ರ್ಯಕ್ಕೂ ಶಾಸನದ ಮಾತಿಗೂ ನಡುವೆ ಗೆರೆಯಿದೆಯೆಂಬುದನ್ನು ಈ ಎರಡು ಕೃತಿಗಳನ್ನು ಜೊತೆಗಿಟ್ಟು ಎಳೆಯರಿಗೆ ಚೆನ್ನಾಗಿ ಕಲಿಸಬಹುದು.

ಆದರೆ ಕೊಳದ ದಂಡೆಯ ಎರಡನೆಯ ಪ್ರಶ್ನೆಗೆ ಕೃತಿ ಕೊಡುವ ಉತ್ತರ ಪೂರ್ಣವಲ್ಲ. ಬೇಲೂರಿನ ಶಿಲ್ಪಗಳ ಮೇಲೆ ರೂವಾರಿಗಳ ಹೆಸರುಗಳಿವೆ; ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅವರಲ್ಲಿ ಪ್ರಸಿದ್ಧರು. ಜಕಣಾಚಾರಿಯ ಹೆಸರು ಅಲ್ಲಿ ಕಾಣುವುದಿಲ್ಲ. ಕಾದಂಬರಿಕಾರರು ದಾಸೋಜನನ್ನು ಮರೆತವರಲ್ಲ. ಆದರೂ ಜಕಣ ಡಂಕಣರ ಐತಿಹ್ಯ ಕಥೆಯ ಕೇಂದ್ರಕ್ಕೆ ಬಂದಾಗ ಉಳಿ ಹಿಡಿದು ಹೆಸರು ಕೊರೆದವರು ಹಿಂದೆ ಸರಿಯುತ್ತಾರೆ. ಬಳಿಪುರವೆಂದರೆ ಬಳ್ಳಿಗಾವೆ, ಶರಣ ಪರಂಪರೆ ಅಲ್ಲಮಪ್ರಭುವಿನ ಜನ್ಮಸ್ಥಳವೆಂದು ನೆನೆಯುವ ಊರು. ಶಿಲ್ಪಿಯನ್ನೂ ಅನುಭಾವಿಯನ್ನೂ ನಾಡಿಗೆ ಕೊಟ್ಟ ಆ ನೆಲದ ಬೀದಿ, ಕಮ್ಮಟ, ಕೇರಿಗಳಿಗೆ ಅರಮನೆಗೆ ಸಂದಷ್ಟು ಪುಟಗಳು ಸಂದಿದ್ದರೆ ಕೃತಿಯ ಬೆಲೆ ಇಮ್ಮಡಿಸುತ್ತಿತ್ತು.

ಕನ್ನಡದಲ್ಲಿ ಇದಕ್ಕೆ ಮಾದರಿ ಇಲ್ಲದಿಲ್ಲ. ಹರಿಹರನು ದೋರಸಮುದ್ರದ ಆಸ್ಥಾನದ ಕರಣಿಕ ವೃತ್ತಿಯನ್ನು ತೊರೆದು ಹಂಪೆಗೆ ನಡೆದನೆಂದು ಪರಂಪರೆ ಹೇಳುತ್ತದೆ. ಅರಸರನ್ನು ಬಿಟ್ಟು ಬಂದ ಆ ಕವಿ ತನ್ನ ರಗಳೆಗಳಿಗೆ ನಾಯಕರನ್ನು ಕಾಯಕದವರಲ್ಲಿ ಕಂಡುಕೊಂಡನು. ಕುಂಬಾರ ಗುಂಡಯ್ಯನು ಮಡಕೆ ತಟ್ಟಿದ ನಾದಕ್ಕೆ ಶಿವನೇ ಕುಣಿದನೆಂಬ ಕಥೆಗಿಂತ ಮಕ್ಕಳ ಮನಸ್ಸಿಗೆ ಹತ್ತಿರವಾದುದು ಯಾವುದಿದೆ? ಗಂಡನು ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನು ಯಾವ ಪಟ್ಟಮಹಿಷಿಗೂ ಕಡಮೆಯಲ್ಲದ ನಾಯಿಕೆ.

ಆದರೆ ವೀರಶೈವ ಸಮಾಜದಲ್ಲಿ ಮಕ್ಕಳಿಗೆಂದು ಬರೆಯುವವರು ಈ ಮಾದರಿಯನ್ನು ಎಷ್ಟು ಬಳಸಿಕೊಂಡಿದ್ದಾರೆಂದು ಕೇಳಿಕೊಳ್ಳಬೇಕಾಗಿದೆ. ಶರಣರ ಪವಾಡಗಳನ್ನು ಹೇಳಿ, ಅವರ ದುಡಿಮೆಯನ್ನು ಒಂದು ವಾಕ್ಯದಲ್ಲಿ ಮುಗಿಸುವ ರೂಢಿ ಬೆಳೆದಿದೆ. ಪರಮತದವರನ್ನು ವಾದದಲ್ಲಿ ಸೋಲಿಸಿದ ಕಥೆಗಳಿಗೆ ಸಿಕ್ಕುವ ಉತ್ಸಾಹ ಇತರ ಕಥೆಗಳಿಗೆ ಸಿಕ್ಕುವುದಿಲ್ಲ. ಹೊಯ್ಸಳ ನರಸಿಂಹನ ಕಾಲದಲ್ಲಿದ್ದ ಪದ್ಮರಸನು ತ್ರಿಭುವನತಾತನನ್ನು ಗೆದ್ದನೆಂದು ‘ಪದ್ಮರಾಜ ಪುರಾಣ’ ವರ್ಣಿಸುತ್ತದೆ. ಅದೇ ಪದ್ಮರಸನಿಗೆ ‘ಕೆರೆಯ’ ಎಂಬ ವಿಶೇಷಣ ಬಂದುದು ಬೇಲೂರಿನಲ್ಲಿ ಕೆರೆ ಕಟ್ಟಿಸಿದ್ದರಿಂದ ಎಂದೂ ಪ್ರತೀತಿ. ವಾದದ ಗೆಲವು ಅಂದಿನ ಸಭೆಗೆ ಮುಗಿಯಿತು. ಕೆರೆಯ ನೀರು ಎಲ್ಲ ಮತದವರ ಗದ್ದೆಗೂ ಹರಿಯುವಂಥದು. ಮಗುವಿಗೆ ಮೊದಲು ಹೇಳಬೇಕಾದುದು ಯಾವುದೆಂಬುದನ್ನು ಹಿರಿಯರು ನಿರ್ಧರಿಸಬೇಕು.

ವಿಷ್ಣುವರ್ಧನನು ಬಸದಿಗಳನ್ನು ಕೆಡವಿಸಿದುದರಿಂದ ನೆಲ ಬಾಯ್ಬಿಟ್ಟಿತೆಂಬ ಐತಿಹ್ಯ ಹಳೇಬೀಡಿನ ಸುತ್ತ ಬಹುಕಾಲ ಪ್ರಚಾರದಲ್ಲಿತ್ತು. ಅಲ್ಲಿಯೇ ಬಸ್ತಿಹಳ್ಳಿಯಲ್ಲಿ ಗಂಗರಾಜನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿ ನಿಂತಿದೆ. ಅದರ ಶಾಸನ ಹೇಳುವುದು ಬೇರೆಯೇ ಸಂಗತಿ. ಪ್ರತಿಷ್ಠೆಯ ಗಂಧೋದಕ ಬಂಕಾಪುರದಲ್ಲಿದ್ದ ದೊರೆಗೆ ತಲುಪಿದ ಸಮಯದಲ್ಲಿಯೇ ಯುದ್ಧದ ಜಯವೂ ಪುತ್ರೋತ್ಸವವೂ ಒದಗಿದುವು. ದೊರೆ ಸಂತೋಷದಿಂದ ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ಐತಿಹ್ಯ ಬಿತ್ತಿದ ಹಗೆಯನ್ನು ಶಾಸನ ಸುಳ್ಳಾಗಿಸುವ ಇಂಥ ಪ್ರಸಂಗಕ್ಕಿಂತ ಸೊಗಸಾದ ಅಧ್ಯಾಯ ಮಕ್ಕಳ ಕಾದಂಬರಿಗೆ ದೊರೆಯದು.

ನಾಗರಾಜರಾಯರ ಕೃತಿ ಶಾಸನಗಳನ್ನು ಕಥೆಯಾಗಿಸುವ ದಾರಿಯನ್ನು ತೆರೆದಿದೆ. ಅದು ಸಣ್ಣ ಉಪಕಾರವಲ್ಲ. ಆ ದಾರಿಯಲ್ಲಿ ಮುಂದೆ ನಡೆದು, ಎಳೆಯರಿಗೆಂದೇ ಇನ್ನೂರು ಪುಟಗಳನ್ನು ಬರೆಯುವವರು ಬೇಕಾಗಿದ್ದಾರೆ. ಅರಮನೆಯ ಬದಲು ಹುಲಿಕೆರೆಯ ಕೊಳ ಅದರ ನೆಲೆಯಾಗಲಿ. ಕಲ್ಲುಕುಟಿಗನ ಮನೆಯ ಮಗುವೊಂದು ಅದರ ನಾಯಕನಾಗಲಿ. ಕಲ್ಪಿತ ಯಾವುದು, ಶಾಸನೋಕ್ತ ಯಾವುದು ಎಂಬುದನ್ನು ಕೊನೆಯಲ್ಲಿ ಒಂದು ಪುಟದಲ್ಲಿ ತಿಳಿಸಲಿ. ಮಠಗಳ ಪ್ರಕಟಣ ವಿಭಾಗಗಳು ಇಂಥ ಒಂದು ಪುಸ್ತಕವನ್ನು ಬರೆಯಿಸಿ ಸುತ್ತಲ ಶಾಲೆಗಳಿಗೆ ಹಂಚಿದರೆ ಅದು ಜ್ಞಾನದಾಸೋಹವೇ ಆಗುವುದು.