ಹಳದಿ ಫೋಲ್ಡರ್ ಯಾರ ಮನೆಯದು?

ನಮ್ಮೂರು ತಿರ್ಲಾಪುರ, ನವಲಗುಂದ ತಾಲೂಕು. ಹೋದ ಯುಗಾದಿಗೆ ಊರಿಗೆ ಹೋದಾಗ ನನ್ನ ಹಳೇ ಲ್ಯಾಪ್‌ಟಾಪನ್ನು ಅಪ್ಪನಿಗೆ ಕೊಟ್ಟೆ. ಪಹಣಿ, ಬೆಳೆವಿಮೆ ರಸೀದಿ, ಬ್ಯಾಂಕಿನ ಕಾಗದ, ಅವ್ವನ ಆಸ್ಪತ್ರೆ ರಿಪೋರ್ಟು ಎಲ್ಲ ಸ್ಕ್ಯಾನ್ ಮಾಡಿ, ಕನ್ನಡದಲ್ಲೇ ಹೆಸರಿಟ್ಟು ಫೋಲ್ಡರುಗಳಲ್ಲಿ ಜೋಡಿಸಿದೆ. ಅಪ್ಪ ಕನ್ನಡಕ ಮೇಲೇರಿಸಿ ನೋಡಿ ಒಂದೇ ಮಾತು ಕೇಳಿದರು: “ಎಲ್ಲಾ ಒಂದ ನಮೂನಿ ಅದಾವಲ್ಲೋ. ನಿಮ್ಮವ್ವಂದು ಯಾವುದು?”

ಇಷ್ಟು ವರ್ಷ ದಿನಾ ನೋಡಿದ ಚಿತ್ರವನ್ನು ನಾನು ಸರಿಯಾಗಿ ನೋಡಿದ್ದು ಆವತ್ತೇ. ಆ ಹಳದಿ ಫೋಲ್ಡರ್ ಅಮೆರಿಕದ ಆಫೀಸಿನ ಮನಿಲಾ ಫೋಲ್ಡರು. ಫಿಲಿಪೈನ್ಸಿನ ಮನಿಲಾ ನಾರಿನ ಕಾಗದದಿಂದ ಬಂದ ಹೆಸರು. 1981ರ ಜೆರಾಕ್ಸ್ ಸ್ಟಾರ್ ಕಂಪ್ಯೂಟರು ಆಫೀಸಿನ ಮೇಜನ್ನೇ ಪರದೆಗೆ ತಂದಾಗ ಫೋಲ್ಡರೂ ಜೊತೆಗೆ ಬಂತು. ವಿಂಡೋಸ್ 95 ಅದನ್ನು ಹಳದಿ ಬಣ್ಣದಲ್ಲಿ ಮನೆಮನೆಗೆ ಮುಟ್ಟಿಸಿತು. ಆ ಆಫೀಸಿನಲ್ಲಿ ಕೆಲಸ ಮಾಡಿದವರಿಗೆ ಅದು ನೆನಪು. ತಿರ್ಲಾಪುರದವರಿಗೆ ಅದು ಬರೀ ಹಳದಿ ಡಬ್ಬಿ.

ನಮ್ಮಲ್ಲಿ ಕಡತ ಅಂದರೆ ಬೇರೆಯೇ ವಸ್ತುವಾಗಿತ್ತು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು ಒಣಗಿಸಿ, ಮಡಿಚಿ, ಬಳಪದಿಂದ ಬರೆಯುವ ಕಪ್ಪು ಪುಸ್ತಕ. ಬೇಡವಾದರೆ ಅಳಿಸಿ ಮತ್ತೆ ಬರೆಯಬಹುದಿತ್ತು. ಹೆಸರು ಮಾತ್ರ ವಿಧಾನಸೌಧದ ಫೈಲಿಗೂ ಕಂಪ್ಯೂಟರಿನ ಫೈಲಿಗೂ ದಾಟಿ ಬಂತು, ರೂಪ ಬರಲಿಲ್ಲ.

ಸರಿ, ಬದಲಾಯಿಸೋಣ ಅಂತ ಕೂತೆ. ವಿಂಡೋಸಿನಲ್ಲಿ ಫೋಲ್ಡರಿನ ಮೇಲೆ ಬಲಗ್ಲಿಕ್ಕು, ಪ್ರಾಪರ್ಟೀಸ್, ಕಸ್ಟಮೈಸ್, ಚೇಂಜ್ ಐಕಾನ್. ನಮ್ಮೂರಿನಿಂದ ಹುಬ್ಬಳ್ಳಿಗೆ ಬಸ್ ಹಿಡಿದಷ್ಟು ಸುತ್ತು. ಅಲ್ಲಿ ಕೊಡುವ ರೆಡಿಮೇಡ್ ಚಿತ್ರಗಳೋ, ಫ್ಲಾಪಿ, ಬೀಗ, ಕಸದ ಬುಟ್ಟಿ. ಅವ್ವನ ಫೋಲ್ಡರಿಗೆ ಕಸದ ಬುಟ್ಟಿ ಹಾಕಲೇನು? 2025ರ ಮ್ಯಾಕ್‌ನಲ್ಲಿ ಬಣ್ಣ, ಎಮೋಜಿ ಸುಲಭವಾಗಿ ಅಂಟಿಸಬಹುದು. ಅಷ್ಟು ಸಣ್ಣ ಸೌಕರ್ಯಕ್ಕೆ ನಾಲ್ಕು ದಶಕ!

ಕೊನೆಗೆ ನಾನೇ ಬಿಡಿಸಿದೆ. ಜೋಳದ ತೆನೆ ಪಹಣಿಗೆ, ಮಳೆಮೋಡ ವಿಮೆಗೆ. ಅವ್ವನದಕ್ಕೆ ನವಲಗುಂದದ ಜಮಖಾನದ ನವಿಲು. 1984ರ ಮ್ಯಾಕಿಂಟಾಷ್‌ಗೆ ಸೂಸನ್ ಕೇರ್ ಐಕಾನು ಬರೆದದ್ದು 32 ಅಡ್ಡ, 32 ಉದ್ದದ ಚೌಕದಲ್ಲಿ, ಒಂದೊಂದು ಮನೆ ಎಣಿಸಿ ತುಂಬಿ. ನಮ್ಮ ತಾಲೂಕಿನ ಹೆಣ್ಣುಮಕ್ಕಳು ಮಗ್ಗದ ಮುಂದೆ ಕೂತು ಎಳೆ ಎಣಿಸಿ ನವಿಲು ತೆಗೆಯುವುದೂ ಹಾಗೇ. ಹಾಗಾಗಿ ಆ ನವಿಲು ಪರದೆಯ ಮೇಲೆ ಹೊಸಬರಂತೆ ಕಾಣಲೇ ಇಲ್ಲ. ಅಪ್ಪ ನೋಡಿದ್ದೇ ತಡ ಬೆರಳಿಟ್ಟರು.

ಎರಡು ತಿಂಗಳಾದ ಮೇಲೆ ಅವ್ವನ ತಪಾಸಣೆ. ಅಪ್ಪ ಪೆನ್‌ಡ್ರೈವ್ ತಗೊಂಡು ಹುಬ್ಬಳ್ಳಿಗೆ ಹೋದರು. ಪ್ರಿಂಟ್ ತೆಗೆಸುವ ಅಂಗಡಿಯಿಂದ ಫೋನು: “ನವಿಲು ಹಾರಿ ಹೋಗೈತಿ. ಎಲ್ಲಾ ಮತ್ತ ಹಳದಿ.” ಹಿಂದೆ ಡಾಕ್ಟರು ಕಾಯುತ್ತಿದ್ದಾರೆ. ಹೆಸರು ಓದಿಸಿ ಓದಿಸಿ ರಿಪೋರ್ಟು ಹುಡುಕಿಸಿದೆ.

ತಪ್ಪು ನನ್ನದೇ. ಫೋಲ್ಡರಿನೊಳಗೆ ಡೆಸ್ಕ್‌ಟಾಪ್ ಡಾಟ್ ಐಎನ್‌ಐ ಅನ್ನೋ ಅಡಗಿದ ಫೈಲಿರುತ್ತೆ. ಅದರಲ್ಲಿರುವುದು ಚಿತ್ರವಲ್ಲ, ಚಿತ್ರದ ವಿಳಾಸ. ನವಿಲು ಮನೆಯ ಲ್ಯಾಪ್‌ಟಾಪಿನ ಬೇರೊಂದು ಫೋಲ್ಡರಿನಲ್ಲಿ ಕೂತಿತ್ತು, ಪೆನ್‌ಡ್ರೈವಿನೊಂದಿಗೆ ಹೋದದ್ದು ವಿಳಾಸ ಮಾತ್ರ. ಐಕಾನನ್ನು ಅದೇ ಫೋಲ್ಡರಿನೊಳಗೇ ಇಟ್ಟು, ವಿಳಾಸದಲ್ಲಿ ಬರೀ ಫೈಲಿನ ಹೆಸರು ಬರೆದಿದ್ದರೆ ನವಿಲೂ ಹುಬ್ಬಳ್ಳಿ ನೋಡುತ್ತಿತ್ತು.

ಹಾಗಾದರೆ ಈ ಅಲಂಕಾರ ವ್ಯರ್ಥವೇ? ನನ್ನ ತೀರ್ಮಾನ ಇಷ್ಟು. ಚಿತ್ರ ಹೆಸರಿಗೆ ಸಹಾಯಕ, ಬದಲಿ ಅಲ್ಲ. ಎರಡನೆಯದು, ಐವತ್ತು ಫೋಲ್ಡರಿಗೆ ಐವತ್ತು ಬಣ್ಣ ಬಳಿದರೆ ಮತ್ತೆ ಎಲ್ಲವೂ ಒಂದೇ ನಮೂನಿ, ಜಾತ್ರೆಯಲ್ಲಿ ಮಗು ಹುಡುಕಿದ ಹಾಗೆ. ನಾಲ್ಕೈದು ಸಾಕು. ಆ ನಾಲ್ಕು ಎದ್ದು ಕಾಣಬೇಕಾದರೆ ಉಳಿದವು ಹಳದಿಯಾಗಿಯೇ ಇರಬೇಕು. ಡಿಫಾಲ್ಟಿಗೆ ನಾನು ಕೊಡುವ ಮರ್ಯಾದೆ ಅಷ್ಟೇ.

ಈಗ ನವಿಲು ಫೋಲ್ಡರಿನೊಳಗೇ ಇದೆ. ಫೋಲ್ಡರಿನ ಹೆಸರೂ ಬದಲಾಗಿದೆ. ಮೊದಲು “ವೈದ್ಯಕೀಯ ದಾಖಲೆಗಳು” ಅಂತಿತ್ತು. ಅಪ್ಪನೇ ಹೇಳಿ ಹಾಕಿಸಿದ್ದು: “ಅವ್ವ.”