ಸ್ಕ್ಯಾನರ್‌ನೊಳಗೆ ಜಾಝ್

ಸಂಶೋಧಕರಾದ ಚಾರ್ಲ್ಸ್ ಲಿಂಬ್ ಮತ್ತು ಅಲೆನ್ ಬ್ರಾನ್ 2008ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದುವಾಗ ಮೊದಲು ಮೆಚ್ಚುಗೆಯಾಗುವುದು ಅದರ ಸಿದ್ಧತೆ. ಆರು ಮಂದಿ ವೃತ್ತಿಪರ ಜಾಝ್ ಪಿಯಾನೊ ವಾದಕರು ಮಿದುಳಿನ ಚಟುವಟಿಕೆಯನ್ನು ತೋರಿಸುವ ಎಫ್‌ಎಂಆರ್‌ಐ ಯಂತ್ರದೊಳಗೆ ಅಂಗಾತ ಮಲಗಿದ್ದಾರೆ. ಪ್ರಬಲ ಅಯಸ್ಕಾಂತವಿರುವ ಅಲ್ಲಿ ಕಬ್ಬಿಣಕ್ಕೆ ಪ್ರವೇಶವಿಲ್ಲ. ಹಾಗಾಗಿ 35 ಪ್ಲಾಸ್ಟಿಕ್ ಕೀಲಿಗಳ ವಿಶೇಷ ಕೀಬೋರ್ಡೊಂದು ಅವರ ತೊಡೆಯ ಮೇಲಿದೆ. ಕನ್ನಡಿಯಲ್ಲಿ ಕೈ ನೋಡಿಕೊಂಡು, ತಲೆ ಅಲುಗಿಸದೆ ನುಡಿಸಬೇಕು. ಬಾಯಿಪಾಠ ಮಾಡಿದ ರಚನೆಯನ್ನು ಒಮ್ಮೆ, ಅದೇ ಹಿಮ್ಮೇಳಕ್ಕೆ ತಮಗೆ ತೋಚಿದ್ದನ್ನು ಇನ್ನೊಮ್ಮೆ. ಬೆರಳಿನ ಕೆಲಸ ಎರಡರಲ್ಲೂ ಇರುವುದರಿಂದ ಈ ಹೋಲಿಕೆ ನ್ಯಾಯವಾದದ್ದು.

ಆಶುವಾಗಿ ನುಡಿಸುವಾಗ ಮಿದುಳಿನ ಮುಂಭಾಗದ ಪಕ್ಕದ ಪ್ರದೇಶಗಳ ಚಟುವಟಿಕೆ ತಗ್ಗಿತು, ನಡುಭಾಗದ್ದು ಏರಿತು. ಮೊದಲನೆಯದು ನಮ್ಮನ್ನು ನಾವೇ ತಿದ್ದಿಕೊಳ್ಳುವುದಕ್ಕೂ ಎರಡನೆಯದು ನಮ್ಮ ಬಗ್ಗೆ ಯೋಚಿಸುವುದಕ್ಕೂ ಸಂಬಂಧಪಟ್ಟದ್ದೆಂಬ ಅಭಿಪ್ರಾಯವಿದೆ. ಒಳಗಿನ ಕಾವಲುಗಾರ ಸುಮ್ಮನಾದಾಗ ಕಲೆ ಹರಿಯುತ್ತದೆ ಎಂಬ ಜನಪ್ರಿಯ ಮಾತಿಗೆ ಬಲ ಬಂದದ್ದು ಇಲ್ಲಿಂದ. ನನ್ನ ತಕರಾರಿರುವುದು ಈ ಜಿಗಿತದ ಬಗ್ಗೆ. ಮಿದುಳಿನ ಒಂದೇ ಭಾಗ ಹತ್ತಾರು ಕೆಲಸಗಳಲ್ಲಿ ಭಾಗಿಯಾಗುತ್ತದೆ. ಅದು ತಣ್ಣಗಾಯಿತೆಂದ ಮಾತ್ರಕ್ಕೆ ವಾದಕನ ವಿವೇಚನೆ ನಿಂತಿತೆಂದು ಹೇಳಲಾಗದು.

ಲಿಂಬ್ ಮತ್ತು ಬ್ರಾನ್ ಅವರ ಅಧ್ಯಯನಕ್ಕೊಂದು ವರ್ಷ ಮೊದಲು, 2007ರಲ್ಲಿ, ಸಾರಾ ಬೆಂಗ್ಟ್‌ಸನ್ ಮತ್ತು ಸಂಗಡಿಗರು ಶಾಸ್ತ್ರೀಯ ಪಿಯಾನೊ ವಾದಕರನ್ನು ಪರೀಕ್ಷಿಸಿದಾಗ ಅದೇ ಪಕ್ಕದ ಪ್ರದೇಶದ ಬಲಭಾಗ ಹೆಚ್ಚು ಚುರುಕಾಗಿತ್ತು. ಅಲ್ಲಿ ವಾದಕರು ಕೊಟ್ಟ ಸ್ವರಮಾಲೆಯನ್ನು ಬೆಳೆಸಬೇಕಿತ್ತು, ಬೆಳೆಸಿದ್ದನ್ನು ನೆನಪಿಟ್ಟುಕೊಂಡು ಮತ್ತೆ ನುಡಿಸಬೇಕಿತ್ತು. ಸಂಗೀತದ ಬಗೆ ಬೇರೆ, ಕೇಳಿದ ಕೆಲಸವೂ ಬೇರೆ; ಚಿತ್ರ ತಿರುವುಮುರುವಾಯಿತು. ಹಾಗಿರುವಾಗ ಒಂದು ಪ್ರಯೋಗದ ಬಣ್ಣದ ಚುಕ್ಕೆಗಳನ್ನು ಕವಿ, ಚಿತ್ರಕಾರ, ನಟ ಎಲ್ಲರ ಮೇಲೂ ಹೊರಿಸುವುದು ಕಲೆಗೂ ವಿಜ್ಞಾನಕ್ಕೂ ಮಾಡುವ ಅನ್ಯಾಯ. ಸುಮ್ಮನಾದಂತೆ ಕಾಣುವ ಆ ಕಾವಲುಗಾರ ವರ್ಷಗಟ್ಟಲೆ ತಾಲೀಮಿನಲ್ಲಿ ನೂರು ಪಲುಕುಗಳನ್ನು ಕೇಳಿ, ತೊಂಬತ್ತನ್ನು ತಳ್ಳಿಹಾಕಿ, ಕೈಗೆ ತೀರ್ಪನ್ನು ಕಲಿಸಿರಬಹುದು. ಆ ವರ್ಷಗಳು ಸ್ಕ್ಯಾನರ್‌ನಲ್ಲಿ ಕಾಣುವುದಿಲ್ಲ. ಅದು ಅಳೆಯುವುದು ರಕ್ತದ ಹರಿವಿನ ಬದಲಾವಣೆಯನ್ನು, ಅದೂ ಕೆಲವು ಸೆಕೆಂಡು ತಡವಾಗಿ. ಒಂದು ಸ್ವರವನ್ನು ಬಿಟ್ಟು ಇನ್ನೊಂದನ್ನು ಹಿಡಿದ ಗಳಿಗೆಯನ್ನಲ್ಲ.

ಲಿಂಬ್ ಪಾಲ್ಗೊಂಡ 2014ರ ಅಧ್ಯಯನವೇ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ. ಅಲ್ಲಿ ಯಂತ್ರದೊಳಗಿನ ವಾದಕ ಹೊರಗಿನ ಸಂಗೀತಗಾರನೊಂದಿಗೆ ನಾಲ್ಕು ನಾಲ್ಕು ಆವರ್ತಗಳ ಸವಾಲ್-ಜವಾಬ್ ನಡೆಸುತ್ತಾನೆ. ಭಾಷೆಯ ವಾಕ್ಯರಚನೆಗೆ ಸಂಬಂಧಿಸಿದ ಪ್ರದೇಶಗಳು ಇಲ್ಲಿ ಚುರುಕಾದವು, ಅರ್ಥಗ್ರಹಣಕ್ಕೆ ಸಂಬಂಧಿಸಿದವು ತಗ್ಗಿದವು. ಎದುರಿನವನು ಏನು ನುಡಿಸುತ್ತಾನೋ ಗೊತ್ತಿಲ್ಲದೆ, ಕೇಳಿಸಿಕೊಂಡು ಉತ್ತರಿಸಬೇಕಾದ ಒತ್ತಡ ಕೊನೆಗೂ ಪ್ರಯೋಗಶಾಲೆಯೊಳಗೆ ಬಂದಿತ್ತು.